ಸೀಟು ಮೊದಲೋ, ಗೈಡ್ ಮೊದಲೋ?

ಶಿಕ್ಷಣಶಾಸ್ತ್ರದಲ್ಲಿ ಪಿಎಚ್‌.ಡಿ. ಮಾಡಹೊರಟವರು ಮೊದಲು ವಿಚಾರಿಸುವುದು ಸ್ನಾತಕೋತ್ತರ ಪದವಿಯ ಅಂಕ, ಬೋಧನಾನುಭವ, ಪ್ರವೇಶ ಪರೀಕ್ಷೆಗಳ ಬಗ್ಗೆ. ‘ಗೈಡ್ (ಸಂಶೋಧನೆಯ ಮಾರ್ಗದರ್ಶಕರು) ಯಾರು ಸಿಗಬಹುದು?’ ಎಂಬ ಪ್ರಶ್ನೆ ಏಳುವುದು ಆಮೇಲೆ. ಹಿಂದೆ ಇದು ತಿರುವುಮುರುವಾಗಿತ್ತು.

ಬರ್ಲಿನ್ ವಿಶ್ವವಿದ್ಯಾಲಯ ತೆರೆದದ್ದು 1810ರಲ್ಲಿ. ಸಂಶೋಧನೆಯೇ ಡಾಕ್ಟರೇಟಿನ ಜೀವಾಳ ಎಂಬ ಕಲ್ಪನೆ ಬೇರೂರಿದ್ದು ಆ ಬಳಿಕ, 19ನೇ ಶತಮಾನದ ಜರ್ಮನಿಯಲ್ಲಿ. ಅಲ್ಲಿ ಪ್ರಾಧ್ಯಾಪಕರ ಸೆಮಿನಾರಿನಲ್ಲಿ ಕೂತು, ಅವರ ಕಣ್ಣಿಗೆ ಬಿದ್ದು, ಅವರು ‘ಆಗಲಿ’ ಎಂದರೆ ಹೆಚ್ಚುಕಡಿಮೆ ಅದೇ ಪ್ರವೇಶ. ಅಂಥ ಗುರುವನ್ನು ಜರ್ಮನ್ನರು ‘ಡಾಕ್ಟರ್‌ಫಾಟರ್’, ಅಂದರೆ ಡಾಕ್ಟರೇಟಿನ ತಂದೆ, ಎನ್ನುತ್ತಾರೆ. (ಈಗ ‘ತಾಯಿ’ಯೂ ಇದ್ದಾಳೆ.) ಸಂಬಂಧ ಆಪ್ತ, ನಿಜ, ಆದರೆ ತಂದೆ ಮುನಿದರೆ ದೂರು ಕೊಡಲು ಇನ್ನೊಂದು ಮನೆ ಇರಲಿಲ್ಲ.

ಅಮೆರಿಕದಲ್ಲಿ ಯೇಲ್ 1861ರಲ್ಲಿ ಮೊದಲ ಪಿಎಚ್‌.ಡಿ.ಗಳನ್ನು ಕೊಟ್ಟಿತು. ಮುಂದೆ ಅಲ್ಲಿ ಬೆಳೆದ ಪದ್ಧತಿಯೇ ಬೇರೆ: ವಿಭಾಗ ಸೇರಿಸಿಕೊಳ್ಳುತ್ತದೆ, ಕೋರ್ಸ್‌ವರ್ಕ್ ಮುಗಿಯಬೇಕು, ಅರ್ಹತಾ ಪರೀಕ್ಷೆ ದಾಟಬೇಕು, ಮಹಾಪ್ರಬಂಧಕ್ಕೆ ಸಮಿತಿ ರಚನೆಯಾಗುವುದು ಅದಾದ ಮೇಲೆ. ಪ್ರವೇಶ ಒಂದು ಕಡೆ, ಗೈಡ್ ಇನ್ನೊಂದು ಕಡೆ ಆದದ್ದು ಇಲ್ಲಿ. ಗೈಡ್ ಕುರಿತ ಈಗಿನ ತಕರಾರುಗಳಲ್ಲಿ ಬಹುಪಾಲು ಹುಟ್ಟುವುದು ಈ ಹೊಲಿಗೆ ಬಿಚ್ಚುವ ಜಾಗದಲ್ಲೇ ಎಂದು ನನಗನಿಸುತ್ತದೆ.

ಶಿಕ್ಷಣ ವಿಷಯಕ್ಕೆ ಇನ್ನೂ ಒಂದು ತೊಡಕಿತ್ತು. ಇದು ನಿಜಕ್ಕೂ ಒಂದು ಶಾಸ್ತ್ರವೇ, ಅಥವಾ ಮೇಷ್ಟರ ಕಸುಬೇ ಎಂಬ ಅನುಮಾನ ಬೇರೆ ವಿಭಾಗಗಳನ್ನು ಬಿಟ್ಟಿರಲಿಲ್ಲ. ಹಾರ್ವರ್ಡ್‌ನಲ್ಲಿ ಪಿಎಚ್‌.ಡಿ.ಯ ಕೀಲಿಕೈ ಕಲೆ ಮತ್ತು ವಿಜ್ಞಾನ ನಿಕಾಯದ ಕೈಯಲ್ಲಿತ್ತು. 1920ರಲ್ಲಿ ಹುಟ್ಟಿದ ಅಲ್ಲಿನ ಶಿಕ್ಷಣ ಶಾಲೆ ತನ್ನದೇ ಆದ ‘ಇಡಿ.ಡಿ.’ (ಡಾಕ್ಟರ್ ಆಫ್ ಎಜುಕೇಶನ್) ಪದವಿ ಆರಂಭಿಸಿತು. ಶಾಲೆ ನಡೆಸುವವರಿಗೆ ಇಡಿ.ಡಿ., ಸಂಶೋಧಕರಿಗೆ ಪಿಎಚ್‌.ಡಿ. ಎಂಬ ಹಂಚಿಕೆ ಕಾಗದದ ಮೇಲೆ ಚೆಂದವಾಗಿತ್ತು. ನಡೆಯಲ್ಲಿ ಎರಡೂ ಕಲಸಿಹೋದವು. ಕೊನೆಗೆ 2012ರಲ್ಲಿ ಹಾರ್ವರ್ಡೇ ಇಡಿ.ಡಿ.ಯ ಜಾಗದಲ್ಲಿ ಪಿಎಚ್‌.ಡಿ. ತರುವುದಾಗಿ ಸಾರಿತು! ಇತ್ತ ಬ್ರಿಟನ್ನಿನಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯ ಇಡಿ.ಡಿ. ತೆರೆದದ್ದೇ 1992ರಲ್ಲಿ. ವೃತ್ತಿಯ ಅನುಭವ ಇಂಥ ಕೋರ್ಸುಗಳಲ್ಲಿ ಅರ್ಹತೆಯಾಗಿ ಉಳಿದಿದೆ, ಪಿಎಚ್‌.ಡಿ.ಗೆ ಅದಕ್ಕಿಂತ ಸಂಶೋಧನಾ ಪ್ರಸ್ತಾವದ ತೂಕವೇ ಹೆಚ್ಚು.

ಈ ವಿಭಾಗದಲ್ಲಿ ಗೈಡ್ ಹಂಚುವುದು ಸುಲಭವಲ್ಲ. ಒಬ್ಬರು ಗಣಿತ ಬೋಧನೆ ಎನ್ನುತ್ತಾರೆ, ಇನ್ನೊಬ್ಬರು ಶಾಲಾ ಆಡಳಿತ, ಮತ್ತೊಬ್ಬರು ಕಲಿಕೆಯ ಮನೋವಿಜ್ಞಾನ. ವಿಷಯ ಬಲ್ಲ ಪ್ರಾಧ್ಯಾಪಕರಿಗೆ ವಿಧಾನ ಹೊಂದದೆ ಇರಬಹುದು: ಅಭ್ಯರ್ಥಿಗೆ ತರಗತಿಯಲ್ಲಿ ಕೂತು ಮಕ್ಕಳ ಮಾತು ದಾಖಲಿಸುವ ಆಸೆ, ಗೈಡ್‌ಗೆ ಪ್ರಶ್ನಾವಳಿ ಮತ್ತು ಸಂಖ್ಯಾಶಾಸ್ತ್ರವೇ ಸರ್ವಸ್ವ. ಸಾಲದ್ದಕ್ಕೆ, ಅಭ್ಯರ್ಥಿ ಎಷ್ಟೋ ಸಲ ವರ್ಷಗಟ್ಟಲೆ ಪಾಠ ಮಾಡಿ ಬಂದ ನಡುವಯಸ್ಸಿನವರು. ಗೈಡ್‌ಗಿಂತ ಹಿರಿಯರಾಗಿರುವುದೂ ಉಂಟು.

ಒಬ್ಬರೇ ಗೈಡ್ ಎಂಬ ಪದ್ಧತಿ ಸಡಿಲವಾದದ್ದು ಈಚೆಗೆ. ಜರ್ಮನಿ 1990ರಲ್ಲಿ ಗುಂಪಾಗಿ ಮಾರ್ಗದರ್ಶನ ನೀಡುವ ಸಂಶೋಧನಾ ತರಬೇತಿ ಬಳಗಗಳಿಗೆ ಹಣ ಕೊಡತೊಡಗಿತು. 2005ರಲ್ಲಿ ಯೂರೋಪಿನ ವಿಶ್ವವಿದ್ಯಾಲಯಗಳು ಸಾಲ್ಜ್‌ಬರ್ಗ್‌ನಲ್ಲಿ ಹತ್ತು ತತ್ವಗಳಿಗೆ ಒಪ್ಪಿದವು; ಅಭ್ಯರ್ಥಿ, ಮಾರ್ಗದರ್ಶಕ, ಸಂಸ್ಥೆ ಮೂವರ ಹೊಣೆಯೂ ಒಪ್ಪಂದದಲ್ಲಿ ಸ್ಪಷ್ಟವಾಗಿರಬೇಕು ಎಂಬುದು ಅವುಗಳಲ್ಲೊಂದು. ಈಗ ಹಲವೆಡೆ ಇಬ್ಬರು ಗೈಡ್‌ಗಳಿರುತ್ತಾರೆ. ಒಬ್ಬರು ನಿವೃತ್ತರಾದರೂ ಕೆಲಸ ನಡುನೀರಿನಲ್ಲಿ ನಿಲ್ಲುವುದಿಲ್ಲ.

ಹಾಗಂತ ಹಳೆಯ ಕ್ರಮ ಸತ್ತಿಲ್ಲ. ಅಂಕ ಸರಿ, ಅನುಭವ ಸರಿ, ಪ್ರಸ್ತಾವವೂ ಸರಿ ಇದ್ದವರಿಗೂ ಒಮ್ಮೊಮ್ಮೆ ಒಂದೇ ಸಾಲಿನ ಉತ್ತರ ಬರುತ್ತದೆ: ‘ನಿಮ್ಮ ವಿಷಯಕ್ಕೆ ತಕ್ಕ ಮಾರ್ಗದರ್ಶಕರು ಸದ್ಯ ನಮ್ಮಲ್ಲಿಲ್ಲ.’ ಅರ್ಹತೆಗಳ ಪಟ್ಟಿಯಲ್ಲಿ ಇದು ಅಚ್ಚಾಗಿರುವುದೇ ಇಲ್ಲ.