ಪೋಕೆಮಾನ್: ವಿಮರ್ಶಕರ ಅಂಕಕ್ಕೂ ಆಟಗಾರರ ಮನಸ್ಸಿಗೂ ನಡುವೆ ಬಿದ್ದ ಬಿರುಕಿನ ಕಥೆ

ಪೋಕೆಮಾನ್ ಎಂಬ ಕಾಲ್ಪನಿಕ ಜೀವಿಗಳನ್ನು ಹಿಡಿದು, ಬೆಳೆಸಿ, ಕಾದಾಟಕ್ಕಿಳಿಸುವ ವಿಡಿಯೋ ಆಟಗಳ ಸರಣಿಯಲ್ಲಿ ನಿಮಗೆ ಇಷ್ಟವಾದ ಆಟ ಯಾವುದು ಎಂದು ಹಳೆಯ ಆಟಗಾರರನ್ನು ಇವತ್ತು ಕೇಳಿ ನೋಡಿ. 'ಬ್ಲ್ಯಾಕ್' ಮತ್ತು 'ವೈಟ್' ಜೋಡಿಯ ಹೆಸರು ಬಾರದೆ ಮಾತು ಮುಗಿಯುವುದಿಲ್ಲ. ಇದೇ ಜೋಡಿ 2010ರಲ್ಲಿ ಜಪಾನಿನಲ್ಲೂ 2011ರ ಮಾರ್ಚಿನಲ್ಲಿ ಅಮೆರಿಕ, ಯುರೋಪಿನಲ್ಲೂ ಬಿಡುಗಡೆಯಾದಾಗ ಅಭಿಮಾನಿಗಳ ನಡುವೆ ಕೇಳಿಬರುತ್ತಿದ್ದ ಮಾತೇ ಬೇರೆ: ಹೊಸ ಪೋಕೆಮಾನ್‌ಗಳಲ್ಲಿ ಲಕ್ಷಣವಿಲ್ಲ, ಹಳೆಯವು ಎಲ್ಲೂ ಕಾಣುವುದಿಲ್ಲ, ಕಥೆ ಅತಿಯಾಯಿತು. ವಿಮರ್ಶಕರು ಮಾತ್ರ ಅಂದೇ ಮನಸಾರೆ ಹೊಗಳಿದ್ದರು. 2019ರಲ್ಲಿ 'ಸೋರ್ಡ್', 'ಶೀಲ್ಡ್' ಬಂದಾಗ ಈ ಭಿನ್ನಮತ ಜಗಳವಾಯಿತು. 2022ರಲ್ಲಿ 'ಸ್ಕಾರ್ಲೆಟ್', 'ವೈಲೆಟ್' ಬಂದಾಗ ವಿಮರ್ಶಕರೇ ಬೇಸರಪಟ್ಟುಕೊಂಡರು, ಆದರೆ ಅಂಗಡಿಗಳ ಮುಂದಿನ ಸಾಲು ಕರಗಲಿಲ್ಲ. ಯಾರ ಮಾತನ್ನು ಹಿಡಿದು ಆಟ ಆರಿಸಿಕೊಳ್ಳಬೇಕು ಎಂದು ಹೊಸಬರು ಕೇಳಿದರೆ ಒಂದೇ ಸಾಲಿನಲ್ಲಿ ಉತ್ತರಿಸಲು ಆಗದಷ್ಟು ವಿಷಯ ಸಿಕ್ಕುಗಟ್ಟಿದೆ. ಮೊದಲಿನಿಂದಲೇ ಬಿಡಿಸಿಕೊಂಡು ಬರುವುದು ಒಳ್ಳೆಯದು.

1996ರ ಫೆಬ್ರುವರಿ 27ರಂದು ಜಪಾನಿನಲ್ಲಿ 'ರೆಡ್' ಮತ್ತು 'ಗ್ರೀನ್' ಬಂದಾಗ ನಿಂಟೆಂಡೊ ಕಂಪನಿಯ ಗೇಮ್ ಬಾಯ್ ಎಂಬ ಕೈಸಾಧನಕ್ಕೆ ಆಗಲೇ ಸುಮಾರು ಏಳು ವರ್ಷ. ಸತೋಶಿ ತಾಜಿರಿ ಕಟ್ಟಿದ ಗೇಮ್ ಫ್ರೀಕ್ ಎಂಬ ಪುಟ್ಟ ತಂಡ ಸುಮಾರು ಆರು ವರ್ಷ ಹೆಣಗಿ ಮುಗಿಸಿದ ಆಟ ಅದು. ಬಾಲ್ಯದಲ್ಲಿ ಹುಳುಗಳನ್ನು ಹಿಡಿದು ಕೂಡಿಡುತ್ತಿದ್ದ ತಾಜಿರಿಯವರಿಗೆ, ಎರಡು ಗೇಮ್ ಬಾಯ್‌ಗಳನ್ನು ಜೋಡಿಸುವ ಕೇಬಲ್ ಕಂಡಾಗ ಅದರೊಳಗೆ ಜೀವಿಗಳು ಹರಿದಾಡುವಂತೆ ತೋರಿತಂತೆ. ಆ ವರ್ಷ ಜಪಾನಿನ ವಿಡಿಯೋ ಆಟಗಳ ಪತ್ರಿಕೆ 'ಫಾಮಿತ್ಸು'ವಿನ ನಾಲ್ವರು ವಿಮರ್ಶಕರು ಸೇರಿ ಕೊಟ್ಟದ್ದು 40ಕ್ಕೆ 29. ಕೆಟ್ಟ ಅಂಕವಲ್ಲ, ಆದರೆ ಮೂರು ದಶಕ ಬಾಳುವ ಆಟ ಇದೆಂದು ಆ ಅಂಕ ನೋಡಿದವರಿಗೆ ಹೊಳೆಯುತ್ತಿರಲಿಲ್ಲ. ಶಾಲೆಯ ಅಂಗಳಗಳಲ್ಲಿ ಒಬ್ಬರಿಂದೊಬ್ಬರಿಗೆ ಸುದ್ದಿ ಹರಡಿ ಆಟ ತಿಂಗಳುಗಟ್ಟಲೆ ಮಾರಾಟವಾಯಿತು. ಸಂಪಾದಕರ ಮೇಜಿನ ಮೇಲೆ ಒಂದೇ ಸಾಧನ, ಒಂದೇ ಕ್ಯಾಸೆಟ್ ಇಟ್ಟುಕೊಂಡು ಕೂತವರಿಗೆ ಈ ಆಟದ ಜೀವಾಳವಾದ, ಆಟಗಾರರ ನಡುವಿನ ಪೋಕೆಮಾನ್ ಕೊಡುಕೊಳ್ಳುವಿಕೆ ಕಾಣುವುದಾದರೂ ಹೇಗೆ? ಬಿಡುಗಡೆಯ ವಾರದಲ್ಲೇ ಪೋಕೆಮಾನ್‌ಗೆ ಅಂಕ ಹಾಕುವುದು ಬಿತ್ತಿದ ದಿನವೇ ಇಳುವರಿ ಅಳೆಯಲು ಹೊರಟಂತೆ. ಈ ತೊಡಕು ಅಂದಿನಿಂದ ಇಂದಿನವರೆಗೂ ಹಾಗೇ ಉಳಿದಿದೆ.

1998ರ ಸೆಪ್ಟೆಂಬರಿನಲ್ಲಿ ಆಟ 'ರೆಡ್' ಮತ್ತು 'ಬ್ಲೂ' ಆಗಿ ಅಮೆರಿಕಕ್ಕೆ ಹೋಗುವ ಹೊತ್ತಿಗೆ ಟಿವಿ ಸರಣಿಯೂ ಜೊತೆಗಿತ್ತು. ಆಟಗಳನ್ನು ವಿಮರ್ಶಿಸುವ ಜಾಲತಾಣ ಐಜಿಎನ್ ಪೂರ್ತಿ 10 ಅಂಕ ಕೊಟ್ಟಿತು. ಆ ಆಟದ ತುಂಬ ದೋಷಗಳಿದ್ದವು ಎಂಬುದನ್ನು ಇಲ್ಲಿ ನೆನೆಯಬೇಕು. ಪ್ರೇತ ವರ್ಗದ ದಾಳಿ ಮನೋಶಕ್ತಿ ವರ್ಗದ ಮೇಲೆ ಬಲವಾಗಿ ನಾಟಬೇಕಿತ್ತು, ಪ್ರೋಗ್ರಾಮಿನ ತಪ್ಪಿನಿಂದ ತಾಗುತ್ತಲೇ ಇರಲಿಲ್ಲ. ಮಾರಕ ಏಟಿನ ಸಾಧ್ಯತೆ ಹೆಚ್ಚಿಸಬೇಕಿದ್ದ 'ಫೋಕಸ್ ಎನರ್ಜಿ' ಎಂಬ ಪಟ್ಟು ಅದನ್ನು ಕುಗ್ಗಿಸುತ್ತಿತ್ತು. ಕರಾವಳಿಯ ಒಂದು ಅಂಚಿನಲ್ಲಿ ಈಜಾಡಿದರೆ 'ಮಿಸಿಂಗ್‌ನೊ' ಎಂಬ ಮುರುಕು ಆಕೃತಿ ಎದುರಾಗುತ್ತಿತ್ತು. ಇವ್ಯಾವುವೂ ಅಂಕ ಕಡಿಮೆ ಮಾಡಲಿಲ್ಲ, ಮಕ್ಕಳ ನಡುವೆ ದಂತಕಥೆಗಳಾದವು.

ಆಮೇಲಿನ ಹತ್ತು ವರ್ಷ ವಿಮರ್ಶೆಯ ಮಟ್ಟಿಗೆ ಒಂದೇ ರಾಗ. 'ಗೋಲ್ಡ್', 'ಸಿಲ್ವರ್' ಹಗಲು ರಾತ್ರಿಯನ್ನು ತಂದವು, 'ರೂಬಿ', 'ಸಫೈರ್' ಬಣ್ಣ ಹೆಚ್ಚಿಸಿದವು, 'ಡೈಮಂಡ್', 'ಪರ್ಲ್' ಇಂಟರ್ನೆಟ್ಟಿಗೆ ಕರೆದೊಯ್ದವು. ಪ್ರತಿ ಬಾರಿಯೂ ಒಳ್ಳೆಯ ಅಂಕ, ಅದರ ಕೆಳಗೊಂದು ದೂರು: ಎಲ್ಲ ಚೆನ್ನಾಗಿದೆ, ಆದರೆ ಮತ್ತೆ ಊರೂರಿನಲ್ಲಿ ಗೆಲ್ಲಬೇಕಾದ ಅದೇ ಎಂಟು ಅಖಾಡಗಳು ಅಂದರೆ ಜಿಮ್, ಅದೇ ಖಳರ ತಂಡ, ಕೊನೆಗೆ ಚಾಂಪಿಯನ್ ಪಟ್ಟಕ್ಕಾಗಿ ಅದೇ ಲೀಗ್. ಸರಣಿಯ ಪ್ರತಿ ಆಟವನ್ನೂ ಆಡಿ ಬರೆಯಬೇಕಾದವರಿಗೆ ಈ ಪುನರಾವರ್ತನೆ ಕಣ್ಣಿಗೆ ಹೊಡೆಯುವುದು ನ್ಯಾಯವೇ. ಮೊದಲ ಬಾರಿ ಆಡುವ ಎಂಟು ವರ್ಷದ ಮಗುವಿಗೆ ಅದು ಪುನರಾವರ್ತನೆಯಲ್ಲ ಎಂಬುದೂ ಅಷ್ಟೇ ನಿಜ.

ಈ ದೂರಿಗೆ ನೇರ ಉತ್ತರದಂತೆ ಬಂದದ್ದು ಜುನಿಚಿ ಮಸುದ ನಿರ್ದೇಶನದ 'ಬ್ಲ್ಯಾಕ್' ಮತ್ತು 'ವೈಟ್'. ನಿಂಟೆಂಡೊ ಡಿಎಸ್ ಸಾಧನದ ಆಯುಷ್ಯದ ಕೊನೆಯಲ್ಲಿ ಬಂದ ಆಟಗಳಿವು. ಅಷ್ಟರವರೆಗಿನ ಆಟಗಳೆಲ್ಲ ಜಪಾನಿನ ಪ್ರಾಂತ್ಯಗಳನ್ನು ಹೋಲುವ ನೆಲದಲ್ಲಿ ನಡೆದಿದ್ದವು. ಈ ಬಾರಿ ನ್ಯೂಯಾರ್ಕ್ ಮಹಾನಗರವನ್ನು ಮಾದರಿಯಾಗಿಟ್ಟುಕೊಂಡ ಯುನೋವಾ. ತಯಾರಕರು ಹೊಸದಾಗಿ 156 ಪೋಕೆಮಾನ್‌ಗಳನ್ನು ರಚಿಸಿದರು. ಯಾವ ಕಂತಿನಲ್ಲೂ ಒಮ್ಮೆಗೆ ಅಷ್ಟು ಬಂದದ್ದಿಲ್ಲ. ಅದಕ್ಕಿಂತ ದಿಟ್ಟ ನಿರ್ಧಾರ ಇನ್ನೊಂದಿತ್ತು. ಮುಖ್ಯ ಕಥೆ ಮುಗಿಯುವವರೆಗೆ ಈ ಹೊಸವನ್ನು ಬಿಟ್ಟು ಬೇರೆ ಯಾವುದೂ ಸಿಗದು, ಪಿಕಾಚು ಕೂಡ ಇಲ್ಲ. ಹದಿನಾಲ್ಕು ವರ್ಷ ಆಡಿ ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡವರು ಹುಲ್ಲಿನೊಳಗೆ ಕಾಲಿಟ್ಟಾಗ ಎದುರಿಗೆ ಬಂದದ್ದು ಏನು, ಅದರ ದೌರ್ಬಲ್ಯ ಯಾವುದು ಎಂದು ಗೊತ್ತಾಗದೆ ಮತ್ತೆ ಮೊದಲ ದಿನದ ಆಟಗಾರರಾದರು. ತಯಾರಕರಿಗೆ ಬೇಕಾಗಿದ್ದುದೂ ಅದೇ.

ಕಥೆಯಲ್ಲೂ ಹಾಗೆಯೇ. ಹಳೆಯ ಕಂತುಗಳ ಖಳರು ಕದಿಯಲು, ಕಡಲುಕ್ಕಿಸಲು, ಲೋಕವನ್ನೇ ಬದಲಿಸಲು ಹೊರಟವರು. ಇಲ್ಲಿನ 'ಟೀಮ್ ಪ್ಲಾಸ್ಮಾ' ಊರ ಚೌಕದಲ್ಲಿ ನಿಂತು ಪೋಕೆಮಾನ್‌ಗಳನ್ನು ಬಿಡುಗಡೆ ಮಾಡಿ ಎಂದು ಭಾಷಣ ಮಾಡುತ್ತದೆ. ಅವರ ದೊರೆ 'ಎನ್' ಎಂಬ ತರುಣ, ಮನುಷ್ಯರಿಂದ ದೂರ ಪೋಕೆಮಾನ್‌ಗಳ ನಡುವೆಯೇ ಬೆಳೆದವನು, ಅವುಗಳ ದನಿ ತನಗೆ ಕೇಳಿಸುತ್ತದೆ ಎನ್ನುವವನು. ಕಾಡಿನ ಜೀವಿಯನ್ನು ಹಿಡಿದು, ಚೆಂಡಿನೊಳಗೆ ಕೂಡಿಹಾಕಿ, ಕಾದಾಟಕ್ಕೆ ಬಿಡುವುದು ಸರಿಯೇ ಎಂದು ಅವನು ಕೇಳುವಾಗ ಅದು ಸರಣಿಯ ಬುಡಕ್ಕೇ ಹಾಕಿದ ಪ್ರಶ್ನೆ. ಕೊನೆಯ ಲೀಗನ್ನು ಗೆದ್ದು ಬಂದ ಆಟಗಾರನಿಗೆ ಕಾಣುವುದು ಆಗಲೇ ಎನ್ ಎದುರು ಸೋತು ಕೂತಿರುವ ಚಾಂಪಿಯನ್. ಲೀಗಿನ ಕಟ್ಟಡವನ್ನು ಸುತ್ತುವರಿದು ಎನ್‌ನ ಕೋಟೆ ನೆಲದಿಂದ ಮೇಲೇಳುತ್ತದೆ. ಎಂಟು ಜಿಮ್, ಒಂದು ಲೀಗ್ ಎಂಬ ಸವೆದ ದಾರಿಯನ್ನು ಮುಕ್ಕಾಲು ಭಾಗ ನಡೆಸಿ, ಕೊನೆಯ ಮೆಟ್ಟಿಲಿನಲ್ಲಿ ಅದನ್ನು ತಿರುಗಿಸಿಬಿಟ್ಟ ರೀತಿ ಇಂದಿಗೂ ನನಗೆ ಮೆಚ್ಚುಗೆ.

'ಫಾಮಿತ್ಸು' 40ಕ್ಕೆ 40 ಕೊಟ್ಟಿತು. ಮುಖ್ಯ ಸರಣಿಯ ಯಾವ ಆಟಕ್ಕೂ ಅದುವರೆಗೆ ಸಿಕ್ಕಿರದ ಪೂರ್ಣಾಂಕ ಅದು. ಇಂಗ್ಲಿಷ್ ವಿಮರ್ಶೆಗಳ ಸರಾಸರಿ ಲೆಕ್ಕ ಹಾಕುವ ಮೆಟಾಕ್ರಿಟಿಕ್‌ನಲ್ಲಿ 87. ಪೋಕೆಮಾನ್‌ಗಳಿಗೆ ಹೊಸ ದಾಳಿ ಕಲಿಸುವ ಯಂತ್ರಗಳನ್ನು ಎಷ್ಟು ಬಾರಿಯಾದರೂ ಬಳಸಬಹುದಾದದ್ದು, ತಿಂಗಳಿಗೊಮ್ಮೆ ಬದಲಾಗುವ ಋತು, ಕಾದಾಟದಲ್ಲಿ ಸುಮ್ಮನೆ ನಿಲ್ಲದೆ ಸದಾ ಅಲುಗಾಡುವ ಚಿತ್ರಗಳು, ಎಲ್ಲವನ್ನೂ ಮೆಚ್ಚಿದರು. ಅಭಿಮಾನಿಗಳ ಚರ್ಚೆ ಮಾತ್ರ ಐಸ್‌ಕ್ರೀಮ್ ಆಕಾರದ ವ್ಯಾನಿಲೈಟ್, ಕಸದ ಚೀಲದಂತಿರುವ ಟ್ರಬಿಶ್ ಸುತ್ತಲೇ ಸುತ್ತಿತು. ಕಲ್ಪನೆ ಬತ್ತಿತು ಎಂದರು. ಮೊದಲ ಕಂತಿನಲ್ಲೇ ಪೋಕೆ ಚೆಂಡಿನ ಹಾಗಿದ್ದ ವೋಲ್ಟಾರ್ಬ್, ಕೆಸರಿನ ಮುದ್ದೆಯಾದ ಗ್ರೈಮರ್, ಮೂರು ಅಯಸ್ಕಾಂತಗಳನ್ನು ಅಂಟಿಸಿದ ಮ್ಯಾಗ್ನೆಟಾನ್ ಇದ್ದವೆಂಬುದು ಆ ಗದ್ದಲದಲ್ಲಿ ಮರೆತುಹೋಯಿತು.

ಆದರೂ ಆ ಅಸಮಾಧಾನವನ್ನು ಬರೀ ಹಟವೆಂದು ತಳ್ಳಿಹಾಕುವುದು ತಪ್ಪು. 2002ರ ಕೊನೆಯಲ್ಲಿ 'ರೂಬಿ', 'ಸಫೈರ್' ಬಂದ ಮೇಲೆ ಹಿಡಿದ ಪೋಕೆಮಾನ್‌ಗಳನ್ನು ಮುಂದಿನ ಆಟಕ್ಕೆ, ಅಲ್ಲಿಂದ ಅದರ ಮುಂದಿನದಕ್ಕೆ ಸಾಗಿಸುವ ವ್ಯವಸ್ಥೆ ನಿಂತಿತ್ತು. ಹನ್ನೆರಡನೇ ವಯಸ್ಸಿನಲ್ಲಿ ಹಿಡಿದು ಹೆಸರಿಟ್ಟ ಜೀವಿ ಇಪ್ಪತ್ತರಲ್ಲೂ ಜೊತೆಗಿರುತ್ತಿತ್ತು. 'ಬ್ಲ್ಯಾಕ್', 'ವೈಟ್' ಅವನ್ನು ಕಥೆ ಮುಗಿಯುವವರೆಗೆ ಹೊರಗೇ ನಿಲ್ಲಿಸಿದವು. ಒಂದು ವಾರದಲ್ಲಿ ಆಟ ಮುಗಿಸಿ ಬರೆಯಬೇಕಾದ ವಿಮರ್ಶಕರಿಗೆ ಆ ಕೊರತೆಯ ಭಾರ ತಿಳಿಯಲಿಲ್ಲ, ತಿಳಿಯುವ ಅವಕಾಶವೂ ಇರಲಿಲ್ಲ. ಇನ್ನೊಂದು ಕಡೆ, ಅಭಿಮಾನಿಗಳೂ ಪತ್ರಿಕೆಗಳೂ ಹೆಚ್ಚು ಎತ್ತದ ನಿಜವಾದ ದೌರ್ಬಲ್ಯ ಕಥೆಯಲ್ಲೇ ಇತ್ತು. ಬಿಡುಗಡೆಯ ಮಾತೆಲ್ಲ ಗೆಟ್ಸಿಸ್ ಎಂಬ ಅಧಿಕಾರದಾಹಿಯ ನಾಟಕ ಎಂದು ಕೊನೆಯಲ್ಲಿ ತೋರಿಸಿ, ಎನ್ ಕೇಳಿದ ಪ್ರಶ್ನೆಗೆ ಉತ್ತರ ಕೊಡುವ ಹೊಣೆಯಿಂದ ಆಟ ಜಾರಿಕೊಂಡಿತು. ಗಂಭೀರ ವಿಮರ್ಶೆ ಶುರುವಾಗಬೇಕಿದ್ದ ಜಾಗ ಅದು.

2012ರಲ್ಲಿ ಬಂದ 'ಬ್ಲ್ಯಾಕ್ 2', 'ವೈಟ್ 2' ಹಳೆಯ ಪೋಕೆಮಾನ್‌ಗಳನ್ನು ಮೊದಲ ಊರಿನಿಂದಲೇ ವಾಪಸು ತಂದವು. ಅಭಿಮಾನಿಗಳು ಕೇಳಿದ್ದೆಲ್ಲ ಅದರಲ್ಲಿತ್ತು. ವಿಮರ್ಶಕರ ಸರಾಸರಿ 80ಕ್ಕೆ ಇಳಿಯಿತು. ಅಷ್ಟರಲ್ಲಿ ಡಿಎಸ್‌ನ ಮುಂದಿನ ಸಾಧನ 3ಡಿಎಸ್ ಮಾರುಕಟ್ಟೆಗೆ ಬಂದು ವರ್ಷ ದಾಟಿತ್ತು, ಹಳೆಯ ಸಾಧನಕ್ಕೆ ಮತ್ತೊಂದು ಆಟ ಎಂಬ ಉದಾಸೀನವೂ ಸೇರಿತು. ಇವತ್ತು ಅದೇ ಜೋಡಿಯನ್ನು ಸರಣಿಯಲ್ಲೇ ಅತ್ಯಂತ ತುಂಬಿದ ಆಟ ಎನ್ನುವವರು ಬೇಕಾದಷ್ಟು ಮಂದಿ. ಅಭಿಪ್ರಾಯ ಹೀಗೆ ತಿರುಗಿದ್ದಕ್ಕೆ ದೊಡ್ಡ ಕಾರಣ ವಯಸ್ಸು. 2011ರಲ್ಲಿ ಹತ್ತು ವರ್ಷದವರಾಗಿದ್ದವರು ಈಗ ಬರೆಯುತ್ತಿದ್ದಾರೆ, ಅವರಿಗೆ ಟ್ರಬಿಶ್ ಬಾಲ್ಯದ ಗೆಳೆಯ. ಅದರ ಜೊತೆ, ಆಮೇಲೆ ಬಂದ ಆಟಗಳು ಕಥೆಯಲ್ಲಿ ಅಷ್ಟು ದೂರ ಹೋಗುವ ಧೈರ್ಯ ಬಹುಕಾಲ ತೋರಲಿಲ್ಲ. ಹೊಸತನ ತೋರಿದ್ದಕ್ಕೆ ಸಿಕ್ಕ ತಣ್ಣನೆಯ ಸ್ವಾಗತವೇ ಅದಕ್ಕೆ ಕಾರಣವೆಂದು ಖಚಿತವಾಗಿ ಹೇಳಲಾಗದು, ಆದರೆ 2013ರ 'ಎಕ್ಸ್', 'ವೈ' ಆಟದಲ್ಲಿ ಮೊದಲ ಕಂತಿನ ಮೂರು ಆರಂಭಿಕ ಪೋಕೆಮಾನ್‌ಗಳಲ್ಲಿ ಒಂದನ್ನು ಕೈಗಿತ್ತು ಹಳೆಯ ನೆನಪನ್ನು ಓಲೈಸಿದ್ದು ಕಣ್ಣಿಗೆ ಕಾಣುವ ಸಂಗತಿ.

2014ರಲ್ಲಿ ಸಣ್ಣದೊಂದು ಘಟನೆ ವಿಮರ್ಶೆಯ ಸ್ವರೂಪವನ್ನೇ ಅಲುಗಿಸಿತು. 'ರೂಬಿ', 'ಸಫೈರ್' ಆಟಗಳ ಹೊಸ ರೂಪಕ್ಕೆ ಐಜಿಎನ್ 7.8 ಅಂಕ ಕೊಟ್ಟು, ಕೊರತೆಗಳ ಪಟ್ಟಿಯಲ್ಲಿ 'ನೀರು ಅತಿಯಾಯಿತು' ಎಂದು ಬರೆಯಿತು. ಇಂಟರ್ನೆಟ್ ತುಂಬ ನಗೆ. ಅಸಲಿಗೆ ಆ ಮಾತಿನಲ್ಲಿ ಹುರುಳಿತ್ತು. ಆ ಆಟ ನಡೆಯುವ ಹೋಯೆನ್ ಪ್ರಾಂತ್ಯದ ದ್ವಿತೀಯಾರ್ಧ ಸಮುದ್ರಮಯ, ಗಂಟೆಗಟ್ಟಲೆ ಈಜಿದರೂ ಎದುರಾಗುವುದು ಟೆಂಟಕೂಲ್, ವಿಂಗಲ್‌ಗಳಂಥ ಅವವೇ ಕೆಲವು ಜೀವಿಗಳು, ದಾಟಲು ಬೇಕಾದ ಕೌಶಲಗಳು ತಂಡದಲ್ಲಿ ಜಾಗ ತಿನ್ನುತ್ತವೆ. ಇಷ್ಟೆಲ್ಲ ವಿವರಿಸಿದ ಬರಹವನ್ನು ಓದಿದವರು ಕಡಿಮೆ, ಆ ಒಂದು ಮಾತು ಮತ್ತು ಒಂದು ಅಂಕ ಉಳಿಯಿತು. ವಿಮರ್ಶಕರನ್ನು ಅಣಕಿಸುವುದು ಅಭಿಮಾನದ ಗುರುತಾದದ್ದು ಆ ಹೊತ್ತಿನಲ್ಲಿ, ಅದು ಆಗಬಾರದಿತ್ತು.

2019ರ ಜೂನಿನಲ್ಲಿ 'ಸೋರ್ಡ್', 'ಶೀಲ್ಡ್' ಆಟಗಳಿಗೆ ಎಲ್ಲ ಹಳೆಯ ಪೋಕೆಮಾನ್‌ಗಳನ್ನು ತರಲಾಗದು ಎಂಬ ಪ್ರಕಟಣೆ ಬಂತು. ಆಗ ಒಟ್ಟು ಸಂಖ್ಯೆ 800 ದಾಟಿತ್ತು, ಆಟದ ಮುಖ್ಯ ಪಟ್ಟಿಯಲ್ಲಿದ್ದವು 400. ಚಿತ್ರಗಳ ಗುಣಮಟ್ಟ, ಕಾದಾಟದ ಸಮತೋಲ ಎಂಬ ಕಾರಣಗಳನ್ನು ಕೊಟ್ಟರು. 'ಡೆಕ್ಸಿಟ್' ಎಂದು ಹೆಸರಾದ ಈ ಗಲಾಟೆಯಲ್ಲಿ ಮೆಟಾಕ್ರಿಟಿಕ್‌ನ ವಿಮರ್ಶಕರ ಸರಾಸರಿ 80, ಅದೇ ತಾಣದಲ್ಲಿ ಸಾಮಾನ್ಯ ಬಳಕೆದಾರರು ಹಾಕಿದ ಅಂಕ 10ಕ್ಕೆ ಐದನ್ನೂ ಮುಟ್ಟಲಿಲ್ಲ, ಮೊದಲ ವಾರಾಂತ್ಯದ ಮಾರಾಟ 60 ಲಕ್ಷ ಪ್ರತಿ ದಾಟಿತು. ಮೂರೂ ಅಳತೆಗಳು ಮೂರು ದಿಕ್ಕಿಗೆ. ಬಳಕೆದಾರರ ಅಂಕದಲ್ಲಿ ಆಡದೆಯೇ ಹಾಕಿದ ಸೊನ್ನೆಗಳು ತುಂಬಿದ್ದವು, ನಿಜ. ವರ್ಷಗಳಿಂದ ಸಾಕಿಕೊಂಡು ಬಂದ ಸಂಗ್ರಹಕ್ಕೆ ಮುಂದೆ ಜಾಗವಿಲ್ಲ ಎಂಬ ನೋವೂ ಅಷ್ಟೇ ನಿಜ. ಆ ನೋವನ್ನು ಹಾಕಲು ವಿಮರ್ಶೆಯ ಮಾದರಿಯಲ್ಲಿ ಅಂಕಣವೇ ಇರಲಿಲ್ಲ.

ಆಮೇಲೆ ಆಟಗಳು ಬರುವ ವೇಗ ಇನ್ನೂ ಹೆಚ್ಚಿತು. 2022ರ ಜನವರಿಯಲ್ಲಿ 'ಲೆಜೆಂಡ್ಸ್: ಆರ್ಸಿಯಸ್', ಅದೇ ವರ್ಷ ನವೆಂಬರಿನಲ್ಲಿ 'ಸ್ಕಾರ್ಲೆಟ್', 'ವೈಲೆಟ್'. ಟಿವಿ ಸರಣಿ, ಕಾರ್ಡು, ಆಟಿಕೆ ಎಲ್ಲ ಒಂದೇ ಕ್ಯಾಲೆಂಡರಿಗೆ ಕಟ್ಟಿಕೊಂಡಿರುವಾಗ ಆಟವೊಂದನ್ನೇ ಆರು ತಿಂಗಳು ಮುಂದೂಡುವುದು ಯಾರ ಕೈಯಲ್ಲೂ ಇಲ್ಲದ ಮಾತು ಎನ್ನಿಸುತ್ತದೆ. 'ಸ್ಕಾರ್ಲೆಟ್', 'ವೈಲೆಟ್' ಆಟಗಳಲ್ಲಿ ಎತ್ತ ಬೇಕಾದರೂ ಹೋಗಬಹುದಾದ ತೆರೆದ ಲೋಕ, ಸರಣಿಯಲ್ಲೇ ಹೃದಯ ತಟ್ಟುವ ಕಥೆಗಳಲ್ಲೊಂದು, ಜೊತೆಗೆ ಕುಂಟುವ ಫ್ರೇಮ್ ರೇಟ್ ಅಂದರೆ ತಡವರಿಸುತ್ತ ಚಲಿಸುವ ಚಿತ್ರ, ಗೋಡೆಯೊಳಗೆ ಹೂತುಹೋಗುವ ಪಾತ್ರಗಳು. ಸರಾಸರಿ 70ರ ಆಸುಪಾಸಿಗೆ ಕುಸಿಯಿತು. ಮೊದಲ ಮೂರು ದಿನದಲ್ಲಿ ಒಂದು ಕೋಟಿ ಪ್ರತಿ ಮಾರಾಟವಾಯಿತು. ಡಿಸೆಂಬರಿನ ಅಪ್‌ಡೇಟ್ ಜೊತೆಗೆ ನಿಂಟೆಂಡೊ ಕ್ಷಮೆ ಕೇಳಿತು.

2025ರ ಜೂನಿನಲ್ಲಿ ನಿಂಟೆಂಡೊದ ಹೊಸ ಸಾಧನ ಸ್ವಿಚ್ 2 ಬಂದಾಗ 'ಸ್ಕಾರ್ಲೆಟ್', 'ವೈಲೆಟ್' ಎರಡಕ್ಕೂ ಉಚಿತ ಅಪ್‌ಡೇಟ್ ಸಿಕ್ಕಿತು. ಹೊಸ ಸಾಧನದಲ್ಲಿ ಕುಂಟುತನ ಬಹುಪಾಲು ಮಾಯವಾಗಿ, ಬೆಟ್ಟದ ಮೇಲಿನಿಂದ ಕಣಿವೆಗೆ ಹಾರುವ ಕ್ಷಣ ತಯಾರಕರು ಬಯಸಿದ್ದ ರೀತಿಯಲ್ಲಿ ಕೊನೆಗೂ ಕಾಣುತ್ತದೆ. ತಾಂತ್ರಿಕ ಪರೀಕ್ಷೆ ನಡೆಸುವವರು ಅದನ್ನು ಗಮನಿಸಿ ಬರೆದರು. ಮೆಟಾಕ್ರಿಟಿಕ್‌ನ ಪುಟದಲ್ಲಿರುವುದು ಈಗಲೂ 2022ರ ನವೆಂಬರಿನ ಸರಾಸರಿ, ಹೊಸದಾಗಿ ಕೊಳ್ಳುವವರು ನೋಡಿ ನಿರ್ಧರಿಸುವುದೂ ಅದನ್ನೇ.