ಮಳೆ ಜೋರಾದರೆ ಟಿ.ವಿ. ಚಿತ್ರ ಒಮ್ಮೆಲೇ ನಿಲ್ಲುವುದೇಕೆ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆಯ ಒಂಟಿ ಮನೆ. ಮಳೆ ಬಿರುಸಾದ ಕೂಡಲೇ ಡಿಶ್‌ನ ಚಿತ್ರ ಚೌಕ ಚೌಕವಾಗಿ ಒಡೆದು ನಿಂತುಬಿಡುತ್ತದೆ. ಹಿಂದೆ ಮಾಡಿನ ಮೇಲೆ ಆಂಟೆನಾ ಇದ್ದಾಗ ಎಂಥ ಮಳೆಯಲ್ಲೂ ಏನಾದರೊಂದು ಕಾಣುತ್ತಿತ್ತು. ಹಾಗಾದರೆ ಡಿಜಿಟಲ್ ಎನ್ನುವುದು ಹಳೆಯದಕ್ಕಿಂತ ಕಡೆಯೇ?

ಉತ್ತರ: ಕಡೆಯಲ್ಲ, ಆದರೆ ಸೋಲುವ ಬಗೆ ಬೇರೆ. ಬಿದಿರಿನ ಗಳಕ್ಕೆ ಕಟ್ಟಿದ ಹಳೆಯ ಆಂಟೆನಾ ಹಿಡಿಯುತ್ತಿದ್ದುದು ನೆಲದ ಮೇಲಿನ ಪ್ರಸಾರ ಕೇಂದ್ರದಿಂದ ಹೊರಟ, ಒಂದು ಮೀಟರಿಗೂ ಉದ್ದವಾದ ಅಲೆಗಳನ್ನು. ಅವುಗಳಿಗೆ ಗುಡ್ಡ ಅಡ್ಡಿಯಾಗುತ್ತಿತ್ತೇ ಹೊರತು ಕೆಲವೇ ಮಿಲಿಮೀಟರ್ ಗಾತ್ರದ ಮಳೆಹನಿ ಲೆಕ್ಕಕ್ಕೇ ಇರಲಿಲ್ಲ. ಡಿಶ್‌ಗೆ ಬರುವ ಅಲೆಗಳಾದರೋ ಭೂಮಧ್ಯರೇಖೆಯ ನೇರಕ್ಕೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹದಿಂದ ಹೊರಟವು; ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್ ಮಾತ್ರ. ಇಷ್ಟು ಗಿಡ್ಡ ಅಲೆಯನ್ನು ದಪ್ಪ ಹನಿಗಳು ಹೀರುತ್ತವೆ, ಚದುರಿಸುತ್ತವೆ. ಅಷ್ಟು ದೂರ ಸರಾಗವಾಗಿ ಬಂದ ಸಂಕೇತಕ್ಕೆ ಪೆಟ್ಟು ಬೀಳುವುದು ನಮ್ಮ ತಲೆಯ ಮೇಲಿನ ಕೊನೆಯ ಐದಾರು ಕಿಲೋಮೀಟರಿನಲ್ಲಿ.

ಇಲ್ಲಿ ಮುಖ್ಯವಾದುದು ಮಳೆಯ ಒಟ್ಟು ಪ್ರಮಾಣವಲ್ಲ, ಅದರ ರಭಸ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯಲ್ಲಿಯೂ ದಿನವಿಡೀ ಜಿಟಿಜಿಟಿ ಹಿಡಿದ ಮಳೆಗೆ ಚಿತ್ರ ನಿಲ್ಲಬೇಕಾಗಿಲ್ಲ. ಅರ್ಧ ಗಂಟೆ ಸುರಿದು ಹೋಗುವ ಗುಡುಗುಮಳೆಗೆ ನಿಂತೀತು. ಡಿಡಿ ಫ್ರೀ ಡಿಶ್‌ನ ಉಪಗ್ರಹ ನಮ್ಮ ಜಿಲ್ಲೆಯಿಂದ ಆಗ್ನೇಯ ದಿಕ್ಕಿನಲ್ಲಿ, ನೆಲದಿಂದ ಅರವತ್ತು ಡಿಗ್ರಿಗೂ ಮೇಲೆ ಇರುವುದರಿಂದ, ಅಂಗಳದಲ್ಲಿ ಒಂದು ಹನಿ ಬೀಳದಿದ್ದರೂ ಆ ದಿಕ್ಕಿನ ಗುಡ್ಡದ ಮೇಲೆ ಮಳೆ ಕವಿದಿದ್ದರೆ ಚಿತ್ರ ಹೋಗಬಹುದು.

ಇನ್ನು ಚಿತ್ರ ಒಮ್ಮೆಲೇ ನಿಲ್ಲುವ ವಿಚಾರ. ಹಳೆಯ ಅನಲಾಗ್ ಪದ್ಧತಿಯಲ್ಲಿ ಸಂಕೇತ ಕುಗ್ಗಿದಷ್ಟೂ ತೆರೆಯ ಮೇಲೆ ಇರುವೆ ಹರಿದಂತೆ ಚುಕ್ಕೆಗಳು ಹೆಚ್ಚುತ್ತಿದ್ದವು. ಆ ಚುಕ್ಕೆಗಳ ನಡುವೆಯೇ ನಮ್ಮ ಕಣ್ಣು ಮುಖವನ್ನು ಗುರುತಿಸಿಕೊಳ್ಳುತ್ತಿತ್ತು. ಡಿಜಿಟಲ್‌ನಲ್ಲಿ ಬರುವುದು ಅಂಕಿಗಳು. ದಾರಿಯಲ್ಲಿ ತಪ್ಪಿಹೋದ ಕೆಲವು ಅಂಕಿಗಳನ್ನು ಸೆಟ್‌ಟಾಪ್ ಬಾಕ್ಸ್ ತಾನೇ ಲೆಕ್ಕ ಹಾಕಿ ತಿದ್ದಿಕೊಳ್ಳುತ್ತದೆ. ಆದ್ದರಿಂದಲೇ ಸಂಕೇತ ಸಾಕಷ್ಟು ಕುಗ್ಗಿದರೂ ಚಿತ್ರ ಸ್ವಚ್ಛವಾಗಿರುತ್ತದೆ. ತಿದ್ದಲಾರದಷ್ಟು ತಪ್ಪುಗಳಾದ ಗಳಿಗೆಯಲ್ಲಿ ಮಾತ್ರ ಚೌಕಗಳು ಕಾಣಿಸಿಕೊಂಡು ಎಲ್ಲವೂ ನಿಲ್ಲುತ್ತದೆ. ಅರೆಬರೆ ಚಿತ್ರವೆಂಬುದು ಇಲ್ಲಿ ಇಲ್ಲವೇ ಇಲ್ಲ.

ಇದರಿಂದ ಒಂದು ಮೋಸವೂ ಆಗುತ್ತದೆ, ನನ್ನ ಅನುಭವದಲ್ಲಿ ಮಳೆಗಿಂತ ದೊಡ್ಡ ಕಾರಣ ಅದೇ. ಡಿಶ್ ಒಂದೆರಡು ಡಿಗ್ರಿ ವಾಲಿದ್ದರೂ ಬಿಸಿಲಿನ ದಿನಗಳಲ್ಲಿ ಚಿತ್ರ ನಿರ್ಮಲವಾಗಿಯೇ ಬರುವುದರಿಂದ ದೋಷ ಗೊತ್ತಾಗುವುದಿಲ್ಲ. ನಮ್ಮ ಮನೆಯಲ್ಲಿ ಒಂದು ಮಳೆಗಾಲವಿಡೀ ಸಣ್ಣ ಮಳೆಗೂ ಚಿತ್ರ ಹೋಗುತ್ತಿತ್ತು. ಕೊನೆಗೆ ನೋಡಿದರೆ ಮಂಗಗಳು ಜೋತಾಡಿ ಡಿಶ್ ಓರೆಯಾಗಿತ್ತು, ವೈರಿನ ತುದಿಯಲ್ಲಿ ನೀರಿಳಿದು ಹಸಿರು ಕಿಲುಬು ಕಟ್ಟಿತ್ತು. ನಾಲ್ಕೈದು ವರ್ಷಗಳ ಹಿಂದೆ ಗಿಡ್ಡವಿದ್ದ ಅಡಿಕೆ ಮರದ ಹೆಡೆ ಈಗ ಡಿಶ್‌ನ ನೇರಕ್ಕೆ ಬಂದಿದ್ದರೂ ಇದೇ ಪಾಡು. ಒದ್ದೆ ಸೋಗೆ ಒಣ ಸೋಗೆಗಿಂತ ಹೆಚ್ಚು ತಡೆಯುತ್ತದೆ.

ಹಳೆಯ ಆಂಟೆನಾಕ್ಕೆ ಮರಳುವ ದಾರಿಯಿಲ್ಲ. ದೂರದರ್ಶನವು ತನ್ನ ಬಹುತೇಕ ಅನಲಾಗ್ ಭೂಪ್ರಸಾರ ಕೇಂದ್ರಗಳನ್ನು 2021ರ ವೇಳೆಗೆ ಮುಚ್ಚಿದೆ. ಮೊಬೈಲಿನಲ್ಲಿ ನೋಡೋಣವೆಂದರೆ ಕರೆಂಟು ಹೋದ ಸ್ವಲ್ಪ ಹೊತ್ತಿಗೆ ಟವರ್ ಕೂಡ ಮಲಗುವ ಊರುಗಳು ನಮ್ಮಲ್ಲಿ ಹಲವಿವೆ. ಹಾಗಾಗಿ ಪೇಟೆಗೆ ಹೋದಾಗ ಧಾರಾವಾಹಿಯ ಕಂತುಗಳನ್ನು ಫೋನಿಗೆ ಇಳಿಸಿಕೊಂಡು ಬಂದು ರಾತ್ರಿ ನೋಡುವ ರೂಢಿ ಬೆಳೆದಿದೆ.

ನೀವು ಮಾಡಬಹುದಾದದ್ದು ಇಷ್ಟು. ಸೆಟ್‌ಟಾಪ್ ಬಾಕ್ಸ್‌ನ ಮೆನುವಿನಲ್ಲಿ ಸಿಗ್ನಲ್ ಕ್ವಾಲಿಟಿ ನೋಡುತ್ತಾ ಡಿಶ್ ಕೂರಿಸಿ ಬೋಲ್ಟು ಬಿಗಿಮಾಡಿಸಿ, ವೈರಿನ ಜೋಡಣೆಗೆ ನೀರಿಳಿಯದಂತೆ ಟೇಪು ಸುತ್ತಿಸಿ. ಆದರೂ ಸಾಲದಿದ್ದರೆ 60 ಸೆಂಟಿಮೀಟರಿನ ಬದಲು 90 ಸೆಂಟಿಮೀಟರಿನ ಡಿಶ್ ಹಾಕಿಸಿ. ಅದು ಎರಡು ಪಟ್ಟಿಗೂ ಹೆಚ್ಚು ಸಂಕೇತವನ್ನು ಹಿಡಿಯುತ್ತದೆ. ಈ ಕೆಲಸವೆಲ್ಲ ಮೇ ತಿಂಗಳೊಳಗೆ ಮುಗಿಯಲಿ. ಮಳೆ ಹಿಡಿದ ಮೇಲೆ ಪಾಚಿಗಟ್ಟಿದ ಹೆಂಚಿನ ಮೇಲೆ ಯಾರನ್ನೂ ಹತ್ತಿಸಬೇಡಿ.