ಎರಡೂ ಚಾರ್ಜ್ ಹೊತ್ತ ಡಿಟರ್ಜೆಂಟ್

ನೊರೆ ಜಾಸ್ತಿ ಬಂದರೆ ಕೊಳೆ ಜಾಸ್ತಿ ಹೋಗುತ್ತದೆ ಅಂತ ನಂಬದ ಮನೆ ನಮ್ಮ ರಾಯಚೂರಿನಲ್ಲಿ ಸಿಗುವುದು ಕಷ್ಟ. ನೊರೆ ಬರೀ ತೋರಿಕೆ. ಕೆಲಸ ಮಾಡುವುದು ಡಿಟರ್ಜೆಂಟ್ ಅಣು. ಅದರ ಒಂದು ತುದಿಗೆ ನೀರು ಇಷ್ಟ, ಇನ್ನೊಂದಕ್ಕೆ ಜಿಡ್ಡು ಇಷ್ಟ. ಪ್ರೋಟೀನ್ ಅಭ್ಯಾಸ ಮಾಡುವ ಲ್ಯಾಬಿನವರಿಗೂ ಬೇಕಾಗಿರುವುದು ಇದೇ ಗುಣ. ಜೀವಕೋಶದ ಪೊರೆ ಜಿಡ್ಡಿನದು. ಅದರಲ್ಲಿ ಹೂತು ಕೂತ ಪ್ರೋಟೀನ್ ನೀರಿಗೆ ಸುಮ್ನೆ ಇಳಿದು ಬರುವುದಿಲ್ಲ, ಬಿಡಿಸಿ ತೆಗೆಯಬೇಕು.

ಯಾವುದರಿಂದ ಬಿಡಿಸುವುದು ಅನ್ನುವುದೇ ತಕರಾರು. ಎಸ್‌ಡಿಎಸ್ ಬಲು ಜೋರು. ನೆಗೆಟಿವ್ ಚಾರ್ಜಿನ ಈ ಡಿಟರ್ಜೆಂಟ್ ಒಂದು ಗ್ರಾಂ ಪ್ರೋಟೀನಿಗೆ ಸುಮಾರು 1.4 ಗ್ರಾಂನಷ್ಟು ಮೆತ್ತಿಕೊಂಡು, ಸುತ್ತಿದ ರುಮಾಲು ಎಳೆದ ಹಾಗೆ ಅದನ್ನು ಬಿಚ್ಚಿಹಾಕುತ್ತದೆ. ಪ್ರೋಟೀನ್ ಕೈಗೆ ಬಂತು, ಕೆಲಸಕ್ಕೆ ಬಾರದಾಯ್ತು. ಟ್ರೈಟಾನ್ ಎಕ್ಸ್-100 ಮೃದು, ಚಾರ್ಜೇ ಇಲ್ಲ. ಆದರೆ ಪ್ರೋಟೀನ್ ಅಳೆಯಲು ಬಳಸುವ 280 ನ್ಯಾನೋಮೀಟರ್ ಬೆಳಕನ್ನು ತಾನೂ ಹೀರಿ ಲೆಕ್ಕ ಕೆಡಿಸುತ್ತದೆ. ಅದರ ಅಣುಗಳು ಕಟ್ಟುವ ಗುಂಪುಗಳೂ ದೊಡ್ಡವು. ಕೆಲಸ ಮುಗಿದ ಮೇಲೆ ಡಿಟರ್ಜೆಂಟನ್ನು ತೊಳೆದು ತೆಗೆಯಲು ಬಳಸುವ ಡಯಾಲಿಸಿಸ್ ಚೀಲದ ಸಣ್ಣ ತೂತಿನಲ್ಲಿ ನುಸುಳಲಾರವು.

1980ರಲ್ಲಿ ಅಮೆರಿಕದ ಲಿಯೊನಾರ್ಡ್ ಹ್ಯೆಲ್ಮೆಲ್ಯಾಂಡ್ ಚಾಪ್ಸ್ ಅನ್ನುವ ಡಿಟರ್ಜೆಂಟ್ ತಯಾರಿಸಿದರು. ತಿನ್ನುವ ಚಾಪ್ಸ್ ಅಲ್ಲ ಬಿಡಿ, ಆದರೂ ಮಟನ್ ಅಂಗಡಿಗೆ ಇದರ ನಂಟಿದೆ. ಲಿವರ್ ಕೊಡುವಾಗ ಅಂಗಡಿಯವನು ಅದಕ್ಕೆ ಅಂಟಿದ ಹಸಿರು ಚೀಲವನ್ನು ಎರಡು ಬೆರಳಲ್ಲಿ ಹಿಡಿದು ಹುಷಾರಾಗಿ ಕತ್ತರಿಸುತ್ತಾನಲ್ಲ, ಅದು ಪಿತ್ತಕೋಶ. ಒಡೆದರೆ ಲಿವರೆಲ್ಲಾ ಕಹಿ. ಪಿತ್ತದ ಕೆಲಸವೇ ನಾವು ತಿಂದ ಕೊಬ್ಬನ್ನು ನೀರಿನಲ್ಲಿ ಬೆರೆಸುವುದು. ಅದರಲ್ಲಿರುವ ಕೋಲಿಕ್ ಆಮ್ಲಕ್ಕೆ ಒಂದು ಬಾಲ ಜೋಡಿಸಿದರೆ ಚಾಪ್ಸ್. 'ಪಿತ್ತ ಕೆರಳಿತು' ಅಂತ ಎಲ್ಲ ರೋಗಕ್ಕೂ ಅದನ್ನೇ ದೂರುವವರು ಇದನ್ನೂ ಸ್ವಲ್ಪ ಕೇಳಿಸಿಕೊಳ್ಳಲಿ.

ಆ ಬಾಲದಲ್ಲೇ ಇದೆ ಮಜಾ. ಅದರಲ್ಲಿ ಒಂದು ಪ್ಲಸ್, ಒಂದು ಮೈನಸ್. ಎರಡೂ ಸೇರಿ ಸೊನ್ನೆ. ಇಂಥವಕ್ಕೆ ಜ್ವಿಟರಯಾನಿಕ್ ಅನ್ನುತ್ತಾರೆ. ಶಾಂಪೂ ಬಾಟಲಿ ತಿರುಗಿಸಿ ನೋಡಿ, ಕೋಕಮಿಡೊಪ್ರೊಪೈಲ್ ಬೀಟೈನ್ ಅಂತ ಇದ್ದರೆ ಅದೂ ಇದೇ ಜಾತಿ. ಚಾಪ್ಸ್ ಪ್ರೋಟೀನನ್ನು ಸಾಮಾನ್ಯವಾಗಿ ಬಿಚ್ಚುವುದಿಲ್ಲ. ಅದೇ 1980ರಲ್ಲಿ ಮಾರ್ಫಿನ್‌ನಂಥ ಔಷಧಿಗಳನ್ನು ಹಿಡಿಯುವ ಪ್ರೋಟೀನನ್ನು, ಅದರ ಹಿಡಿಯುವ ಗುಣ ಹೋಗದಂತೆ, ಚಾಪ್ಸ್ ಬಳಸಿ ಹೊರತೆಗೆದರು. ಚಾಪ್ಸ್ ಕಟ್ಟುವ ಗುಂಪುಗಳು ಚಿಕ್ಕವು, ಡಯಾಲಿಸಿಸ್‌ನಲ್ಲಿ ತೊಳೆದು ಹೋಗುತ್ತವೆ.

ಕರೆಂಟ್ ಹರಿಸಿ ಪ್ರೋಟೀನುಗಳನ್ನು ಚಾರ್ಜಿನ ಮೇಲೆ ಬೇರ್ಪಡಿಸುವಾಗಂತೂ ಚಾಪ್ಸ್‌ನಂಥದ್ದೇ ಬೇಕು. ಎಸ್‌ಡಿಎಸ್ ಹಾಕಿದರೆ ಎಲ್ಲಕ್ಕೂ ನೆಗೆಟಿವ್ ಬಳಿದುಬಿಡುತ್ತದೆ, ಇನ್ನು ಬೇರ್ಪಡಿಸುವುದೇನು? ಚಾಪ್ಸ್ ತಾನೂ ಓಡುವುದಿಲ್ಲ, ಪ್ರೋಟೀನಿನ ಚಾರ್ಜನ್ನೂ ಮುಟ್ಟುವುದಿಲ್ಲ. ಇಲ್ಲಿ ಪ್ರೋಟೀನ್ ಬಿಚ್ಚಿದರೂ ಪರವಾಗಿಲ್ಲ. ಹಾಗಾಗಿ ಶೇ. 4ರಷ್ಟು ಚಾಪ್ಸ್ ಜೊತೆಗೆ ಪ್ರೋಟೀನ್ ಬಿಚ್ಚುವ ಥಯೋಯೂರಿಯಾ, ಯೂರಿಯಾ ಬೆರೆಸುವುದು ರೂಢಿ. ಹೌದು, ಸಿಂಧನೂರಿನ ಗದ್ದೆಗೆ ಚೆಲ್ಲುವ ಯೂರಿಯಾನೇ, ಆದರೆ ಇನ್ನೂ ಶುದ್ಧ. ಲೀಟರಿಗೆ ಸುಮಾರು 420 ಗ್ರಾಂ!

ಈ ಯೂರಿಯಾದ್ದೇ ಒಂದು ಕಾಟ. ಬಿಸಿಯಾದರೆ ಅದರಿಂದ ಸಯನೇಟ್ ಅನ್ನುವ ರಾಸಾಯನಿಕ ಹುಟ್ಟಿ, ಪ್ರೋಟೀನಿಗೆ ಅಂಟಿ, ಅದರ ಪ್ಲಸ್ ಚಾರ್ಜ್ ಕಳೆಯುತ್ತದೆ. ಚಾಪ್ಸ್ ಅಷ್ಟು ಜೋಪಾನ ಮಾಡಿದ್ದೆಲ್ಲಾ ವ್ಯರ್ಥ. ಅದಕ್ಕೇ ಪ್ರೋಟೀನ್ ಇರುವ ಈ ಮಿಶ್ರಣವನ್ನು 37 ಡಿಗ್ರಿ ದಾಟಿಸಬಾರದು ಅನ್ನುತ್ತಾರೆ. ರಾಯಚೂರಿನ ಮೇ ತಿಂಗಳಲ್ಲಿ ಕರೆಂಟ್ ಹೋಗಿ ಎಸಿ ನಿಂತರೆ ಒಲೆಯೇ ಬೇಡ, ಟೇಬಲ್ ಮೇಲಿಟ್ಟರೂ ದಾಟುತ್ತದೆ. ಮೊದಲು ಐಸ್ ಡಬ್ಬಿ ಹುಡುಕಬೇಕು.